ಬಾಳೆ ಕತ್ತರಿಸುವ ಯಂತ್ರಕ್ಕೆ ಕುಂಕುಮ

ಯಂತ್ರ ಕೆಟ್ಟಿರಲಿಲ್ಲ, ನನ್ನ ಸೊಸೆಯ ಕೈಯೂ ಕೊಳಕಾಗಿರಲಿಲ್ಲ. ಸೀಸೆಯೊಳಗಿನ ಬಾಳೆ ಸಸಿಗಳೆಲ್ಲ ಬೂಷ್ಟು ಹಿಡಿದು ಸತ್ತದ್ದು ನನ್ನ ಭಕ್ತಿಯಿಂದ.

ಬಾಳೆಯ ವಂಶ ಬೆಳೆಸಲು ನಮ್ಮ ಕಾಲದಲ್ಲಿ ಒಂದು ಗುದ್ದಲಿ ಸಾಕಿತ್ತು. ಕೃಷ್ಣರಾಜಪೇಟೆಯ ತಂಗಿಯ ಮನೆಗೆ ಹೋದರೆ, ಬರುವಾಗ ಬುಡದಿಂದ ಅಗೆದ ಒಂದು ಬಾಳೆಕಂದನ್ನು ಕಂಕುಳಲ್ಲಿಟ್ಟುಕೊಂಡೇ ಬಸ್ಸು ಹತ್ತುತ್ತಿದ್ದೆ. ಈಗ ಪಾಂಡವಪುರದಾಚೆಯ ಬಿಳಿ ಕಟ್ಟಡದಲ್ಲಿ ಕಂದಿನ ಸುಳಿಯನ್ನು ಕಡಲೆಕಾಳಿನಷ್ಟು ಕತ್ತರಿಸಿ, ಗಂಜಿಯಂಥದ್ದು ತುಂಬಿದ ಸೀಸೆಯಲ್ಲಿ ಕೂರಿಸುತ್ತಾರೆ. ಒಂದು ಹತ್ತಾಗುತ್ತದಂತೆ. ಟಿಶ್ಯೂ ಬಾಳೆ ಎಂದರೆ ಅದೇ. ಕತ್ತರಿಸುವವರು ಹೆಣ್ಣುಮಕ್ಕಳು, ನನ್ನ ಸೊಸೆ ಜಯಂತಿಯೂ ಅವರಲ್ಲೊಬ್ಬಳು. ಬಾಣಂತಿ ಕೋಣೆಗೂ ಇಲ್ಲದ ಮಡಿ ಅಲ್ಲಿ!

ಈ ವರ್ಷ ಅಲ್ಲಿನ ಸಾಹೇಬರು ತಾನೇ ಕತ್ತರಿಸಿ ತಾನೇ ಸೀಸೆಗೆ ನೆಡುವ ಯಂತ್ರ ತರಿಸಿದರು. ಕೆಲಸ ಹೋದೀತೆಂದು ಹುಡುಗಿಯರಿಗೆ ಅಂದಿನಿಂದ ನಿದ್ದೆಯಿಲ್ಲ. ಅವರನ್ನು ನೋಡಿ ನನಗೂ ಇಲ್ಲ. ಆಯುಧಪೂಜೆಗೆ ಹುಡುಗಿಯರ ಮನೆಯವರನ್ನೆಲ್ಲ ಕರೆದಿದ್ದರು. ಯಂತ್ರದ ಹೊರಮೈಗೆ ಮಾತ್ರ ಕುಂಕುಮ ಇಡಿ ಎಂದರು. ನಮ್ಮಲ್ಲಿ ಕುಡುಗೋಲಿನ ಹಿಡಿಗೆ ಪೂಜೆ ಮಾಡುವವರುಂಟೇ, ನೀವೇ ಹೇಳಿ? ಕುಂಕುಮ ಬೀಳಬೇಕಾದ್ದು ಕೊಯ್ಯುವ ಬಾಯಿಗೆ; ಇಲ್ಲದಿದ್ದರೆ ಅದು ಕೈಯನ್ನೇ ಕೊಯ್ಯುತ್ತದೆ. ಯಾರೂ ನೋಡದಾಗ ಮುಚ್ಚಳ ಎತ್ತಿ, ಅಲಗಿನ ಬುಡದ ಸಂದಿಗೆ ಅರಿಸಿನ ಕುಂಕುಮ ಮೆತ್ತಿ, ಚೆಂಡುಹೂವಿನ ಎಸಳು ತುರುಕಿದೆ. ನಮ್ಮ ಹುಡುಗಿಯರ ಕೈ ಕುಯ್ಯಬೇಡ, ಹೊಟ್ಟೆಗೂ ಹೊಡೆಯಬೇಡ ಎಂದು ಕೈಮುಗಿದೆ.

ಹದಿನೈದು ದಿನ ಕಳೆದಿರಬೇಕು. ಒಂದು ಸಂಜೆ ಜಯಂತಿ ಕಾಲೂ ತೊಳೆಯದೆ ಬಂದು ಕುಕ್ಕರಿಸಿದಳು.

"ಯಾಕೆ, ಮಕ ಬಾಡೋಗದೆ?"

"ಮಿಸನ್ನು ಕತ್ತರಿಸಿದ್ದೆಲ್ಲಾ ಬೂಷ್ಟು ಕಣತ್ತೆ. ನಾವು ಕೈಯಾಗೆ ಕತ್ತರಿಸಿದ್ದು ಚೆನ್ನಾಗವೆ."

"ಒಳ್ಳೇದೇ ಆಯ್ತು ಬುಡು. ಬಂದ ದಾರೀಲೇ ಹೋಯ್ತದೆ ಅದು."

"ಅದ ಒರೆಸೋಳು ನಾನಲ್ವಾ? ಕೈ ತೊಳೀದೆ ಮುಟ್ಟವ್ಳೆ, ನಾಳಿಂದ ಬರಬ್ಯಾಡ ಅಂದವ್ರೆ."

"ಅದ್ಯಾತರಿಂದ ಬತ್ತದೆ ಆ ಬೂಷ್ಟು?"

"ಯಾತರಿಂದಾನೂ. ಧೂಳು, ಕೂದ್ಲು. ಒಂದು ಹೂವಿನ ಎಸಳು ಸಾಕು."

ನನ್ನ ಕೈಯಲ್ಲಿದ್ದ ರಾಗಿಮುದ್ದೆ ಕೈಯಲ್ಲೇ ಉಳಿಯಿತು. ಜೀವಮಾನವೆಲ್ಲ ಕಂಡವರ ತಪ್ಪು ಹುಡುಕಿದವಳಿಗೆ ಸ್ವಂತದ್ದನ್ನು ನುಂಗುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

"ಅದು ನಾನು ಕಣೆ" ಎಂದು ಇದ್ದದ್ದು ಇದ್ದಂತೆ ಹೇಳಿಬಿಟ್ಟೆ.

ಬೈಯುತ್ತಾಳೆ ಎಂದುಕೊಂಡರೆ, ಬಾಗಿಲು ಮುಚ್ಚಿ ಬಂದು ಪಿಸುಗುಟ್ಟಿದಳು: "ಯಾರ ಮುಂದೂ ಬಾಯಿ ಬುಡಬ್ಯಾಡಿ ಅತ್ತೆ. ಗೊತ್ತಾದ್ರೆ ಆ ಮಿಸನ್ನ ತೊಳ್ದು ಮತ್ತೆ ಓಡಿಸ್ತಾರೆ, ಹುಡ್ಗೀರೆಲ್ಲಾ ಮನೇಲಿ ಕೂರಬೇಕು. ಓಗೋದು ನಾನೊಬ್ಳೇ ಓಗ್ಲಿ."

"ಕೊಳಕಿ ಅನ್ನಿಸ್ಕೊಂಡಾ?"

ಅವಳು ಎದ್ದು ಕಾಲು ತೊಳೆಯಲು ಹೋದಳು. ರಾತ್ರಿಯೆಲ್ಲ ನಾನು ಮಗ್ಗುಲು ಬದಲಿಸುತ್ತಲೇ ಇದ್ದೆ. ಹೇಳಿದರೆ ಅಷ್ಟು ಮನೆಯ ಹೆಣ್ಣುಮಕ್ಕಳ ಶಾಪ. ಹೇಳದಿದ್ದರೆ ಮಡಿಯಾಗಿ ದುಡಿದವಳಿಗೆ ಊರೆಲ್ಲ ಕೊಳಕಿ ಎಂಬ ಹೆಸರು. ತೂಕ ಹಾಕುವಷ್ಟು ಓದು ನನಗಿಲ್ಲ. ಮೆತ್ತಿದ ಕೈ ಯಾರದೆಂಬುದು ಮಾತ್ರ ಗೊತ್ತಿತ್ತು.

ಬೆಳಗಾದ ಮೇಲೆ ಮೊದಲ ಬಸ್ಸಿಗೆ ಹೋಗಿ ಬಿಳಿ ಕಟ್ಟಡದ ಮೆಟ್ಟಿಲ ಮೇಲೆ ಕೂತೆ. ಸಾಹೇಬರು ಬಂದರು. ಚಪ್ಪಲಿ ಬಿಟ್ಟು, ಮೊಣಕೈತನಕ ಸೋಪು ಹಚ್ಚಿ ತೊಳೆದು, ಅವರ ಹಿಂದೆಯೇ ಒಳಗೆ ಹೋಗಿ ಮುಚ್ಚಳ ಎತ್ತಿಸಿ, ಆ ಸಂದಿಯನ್ನು ಬೆರಳಿಟ್ಟು ತೋರಿಸಿದೆ.