ಹಳದಿ ತಲೆಯ ಎದುರಿನ ಸೊನ್ನೆ

ನಾಲ್ಕು ಗೀಟು ನಿಲ್ಲಿಸಿ, ಐದನೆಯದನ್ನು ಅವುಗಳ ಮೇಲೆ ಓರೆಯಾಗಿ ಎಳೆಯುವುದರಲ್ಲಿ ಎಂಥ ಸುಖವಿದೆ ಎಂಬುದನ್ನು ಎಣಿಕೆಯ ಚಟವಿಲ್ಲದವರಿಗೆ ವಿವರಿಸುವುದು ಕಷ್ಟ. ನನ್ನ ದಿನಚರಿಯಲ್ಲಿ ಹಕ್ಕಿಗಳ ಲೆಕ್ಕದ ಆ ಐದರ ಕಟ್ಟುಗಳು ಹೊಸ ಬೇಲಿಯಂತೆ ನೆಟ್ಟಗಿರುತ್ತವೆ. ಹೊಲದಲ್ಲಿ ನಿಂತು ಬರೆಯುವಾಗ ಸೊಟ್ಟಗಾದರೆ, ಸಂಜೆ ಮನೆಯಲ್ಲಿ ಅಡಿಪಟ್ಟಿ ಹಿಡಿದು ಇಡೀ ಪುಟವನ್ನೇ ನಕಲು ಮಾಡುತ್ತೇನೆ. ಹಿಮಾಲಯದಾಚೆಯಿಂದ ಆ ಹಕ್ಕಿಗಳು ಅಷ್ಟು ದೂರ ಹಾರಿಬರುವಾಗ ನಾನು ಇಷ್ಟಾದರೂ ಶ್ರಮಪಡಬೇಡವೇ, ನೀವೇ ಹೇಳಿ.

ಆದರೆ ಆ ಬೇಲಿಯಲ್ಲೊಂದು ಕಿಂಡಿಯಿತ್ತು. ಹಳದಿ ತಲೆಯ ಸಿಪಿಲೆ ಎಂಬ, ಗುಬ್ಬಿಗಿಂತ ತುಸು ಉದ್ದನೆಯ, ಸದಾ ಬಾಲ ಕುಣಿಸುವ ಚಳಿಗಾಲದ ಅತಿಥಿಯ ಎದುರು ಮೂರು ವರ್ಷಗಳಿಂದ ಸೊನ್ನೆ. ಹಕ್ಕಿ ಬಂದಿರಲಿಲ್ಲವೆಂದಲ್ಲ, ನನ್ನ ಜೊತೆಗಾರ ಇಮ್ರಾನ್ ಮೂರೂ ವರ್ಷ ಅದನ್ನು ನೋಡಿದ್ದ. ರಾಮನಗರದಲ್ಲಿ ಅವನದು ನೂಲು ತೆಗೆಯುವ ರೀಲರ್‌ಗಳ ಮನೆ. ಬಿಸಿನೀರಲ್ಲಿ ತೇಲುವ ಗೂಡಿನಿಂದ ರೇಷ್ಮೆಯ ಎಳೆ ಹುಡುಕಿ ಪಳಗಿದ ಕಣ್ಣಿಗೆ ಸಿಪಿಲೆ ಯಾವ ಲೆಕ್ಕ? ಅವನು ‘ಅಗೋ’ ಎನ್ನುವ ಹೊತ್ತಿಗೆ ನಾನು ಹಿಂದಿನ ಹಕ್ಕಿಯ ಗೀಟನ್ನು ನೇರ ಮಾಡುತ್ತಿರುತ್ತಿದ್ದೆ. ತಲೆ ಎತ್ತಿದರೆ ಬರಿಯ ಬದು. ಸ್ವತಃ ಕಾಣದ್ದನ್ನು ಬರೆಯಬಾರದೆಂಬ ನಿಯಮ ನನ್ನದೇ ಆದ್ದರಿಂದ ದೂರುವುದಕ್ಕೂ ಯಾರೂ ಸಿಗುತ್ತಿರಲಿಲ್ಲ.

ಕಳೆದ ಫೆಬ್ರವರಿಯ ಒಂದು ಭಾನುವಾರ ಇಬ್ಬರೂ ಬೈಕಿನಲ್ಲಿ ಅಕ್ಕೂರಿನ ಕಡೆ ಹೊರಟೆವು. ಹಕ್ಕಿಗಳು ಮರಳಿ ಹೊರಡುವ ಕಾಲ. ಆ ವರ್ಷಕ್ಕೆ ಅದೇ ಕೊನೆಯ ಅವಕಾಶ. ಕೆರೆಯಂಚಿನಲ್ಲಿ ಗದ್ದೆಗೊರವ ಹದಿನೇಳು, ಸೂಜಿಬಾಲದ ಬಾತು ನಲವತ್ತೆರಡು. ಬೇಲಿ ಸೊಂಪಾಗಿ ಬೆಳೆಯಿತು.

ಕೆರೆಯ ಕೆಳಗಿನ ಗದ್ದೆಯಲ್ಲಿ ಸಿದ್ದಣ್ಣ ಎಂಬ ರೈತರು ಟ್ರ್ಯಾಕ್ಟರಿನಲ್ಲಿ ಕೆಸರು ಉಳುತ್ತಿದ್ದರು. ಊಟದ ಪಂಕ್ತಿಯಲ್ಲಿ ಜಾಗ ಹಿಡಿಯುವವರಂತೆ ಬೆಳ್ಳಕ್ಕಿ, ಸಿಪಿಲೆಗಳು ಚಕ್ರದ ಹಿಂದೆಯೇ ನುಗ್ಗುತ್ತಿದ್ದವು. ಹಳದಿ ತಲೆ ಆ ಗುಂಪಿನಲ್ಲೇ ಇದೆಯೆಂದ ಇಮ್ರಾನ್. ದುರ್ಬೀನಿನಲ್ಲಿ ನನಗೆ ಕಂಡದ್ದು ಕೆಸರು, ಒಂದು ಬಾಲ, ಮತ್ತೆ ಕೆಸರು. ಕೈಬೀಸಿ, ಐದು ನಿಮಿಷ ಟ್ರ್ಯಾಕ್ಟರ್ ನಿಲ್ಲಿಸುವಂತೆ ಬೇಡಿಕೊಂಡೆ. ಸಿದ್ದಣ್ಣ ಸಜ್ಜನರು, ನಿಲ್ಲಿಸಿದರು. ಮರುಕ್ಷಣವೇ ಪಂಕ್ತಿಯೆಲ್ಲ ಎದ್ದು ಬದುವಿನಾಚೆ ಹಾರಿಹೋಯಿತು.

“ನಾನ್ ಉತ್ತರೆ ತಾನೆ ಅವುಕ್ಕೆ ಹುಳ ಸಿಗೋದು. ನೀನ್ ನಿಲ್ಸು ಅಂದ್ರೆ ಅವ್ಯಾಕಪ್ಪ ನಿಂತಾವು?” ಎಂದರು ಸಿದ್ದಣ್ಣ.

ಉಳುಮೆ ಇನ್ನೊಂದು ಗಂಟೆಯಲ್ಲಿ ಮುಗಿಯುವುದೆಂದೂ ನಾಳೆಯೇ ನಾಟಿಯೆಂದೂ ಅವರಿಂದ ತಿಳಿಯಿತು. ನನ್ನ ಮುಖದಲ್ಲಿ ನಾಲ್ಕನೆಯ ಸೊನ್ನೆ ಮೂಡಿದ್ದು ಅವರಿಗೂ ಕಂಡಿರಬೇಕು. ಬಂದು ಮಡ್‌ಗಾರ್ಡಿನ ಮೇಲೆ ಕೂರಲು ಹೇಳಿದರು. ಒಂದು ಕೈಯಲ್ಲಿ ದುರ್ಬೀನು, ಇನ್ನೊಂದರಲ್ಲಿ ದಿನಚರಿ ಹಿಡಿದು ಹತ್ತಲು ಹೋದೆ.

“ಬಿಗಿಯಾಗಿ ಹಿಡ್ಕೊಳ್ಳೋಕೆ ಮೂರ್ನೆ ಕೈ ಐತಾ ನಿಂಗೆ?” ಎಂದರು ಸಿದ್ದಣ್ಣ.

ಇಮ್ರಾನ್ ಬದುವಿನಿಂದ ಕೈಚಾಚಿದ. “ಕೊಡ್ಲಾ ಇತ್ಲಾಗೆ. ಒಂದಿನ ನಾನ್ ಬರೀತೀನಿ, ನೀನ್ ನೋಡು.”

ದಿನಚರಿ ಪರಹಸ್ತಕ್ಕೆ ಹೋದದ್ದು ಅದೇ ಮೊದಲು, ಅರೆಮನಸ್ಸಿನಿಂದಲೇ ಕೊಟ್ಟೆ. ಎಂಜಿನ್ ಗುಡುಗಿತು, ಪಂಕ್ತಿ ಮರಳಿತು. ನಾನು ಹೆಸರುಗಳನ್ನು ಕೂಗುತ್ತಿದ್ದೆ. ಆ ಸದ್ದಿನಲ್ಲಿ ಇಮ್ರಾನನಿಗೆ ಎಷ್ಟು ಕೇಳಿಸಿತೋ. ಮೂರನೆಯ ಸುತ್ತಿನಲ್ಲಿ, ಚಕ್ರದಿಂದ ಎರಡು ಮಾರು ಹಿಂದೆ, ಒಂದು ಹೆಂಟೆಯ ಮೇಲೆ ಅದು ನಿಂತಿತ್ತು. ಬೂದು ಬೆನ್ನು, ಅರಿಶಿನದ ನೀರಿನಲ್ಲಿ ಕತ್ತಿನವರೆಗೆ ಅದ್ದಿ ತೆಗೆದಂಥ ತಲೆ. ದುರ್ಬೀನು ಬೇಕಾಗಲಿಲ್ಲ. ಅದು ಒಂದು ಹುಳ ಹೆಕ್ಕಿತು, ಬಾಲ ಕುಣಿಸಿತು, ನನ್ನನ್ನು ಟ್ರ್ಯಾಕ್ಟರಿನ ಬಿಡಿಭಾಗವೆಂದೇ ತಿಳಿದು ಇನ್ನೂ ಹತ್ತಿರ ಬಂತು. ಕೂಗುವುದು ಮರೆತುಹೋಯಿತು. ನಿಜ ಹೇಳಬೇಕೆಂದರೆ, ಆಮೇಲಿನ ಎರಡು ಸುತ್ತು ನಾನು ಏನನ್ನೂ ಎಣಿಸಲಿಲ್ಲ.

ಸಂಜೆ ಅಡಿಪಟ್ಟಿ ಪಕ್ಕದಲ್ಲಿಟ್ಟುಕೊಂಡು ದಿನಚರಿ ಬಿಡಿಸಿದೆ. ಕೆಸರುಗಾಲಿನ ಹಕ್ಕಿಯೊಂದು ಪುಟದ ಮೇಲೆ ಅಡ್ಡಾಡಿದಂತೆ ಗೀಟುಗಳು ದಿಕ್ಕಿಗೊಂದು ವಾಲಿದ್ದವು. ಒಂದು ಕಟ್ಟಿನಲ್ಲಿ ಆರು ಗೀಟುಗಳಿದ್ದವು. ಮೂಲೆಯಲ್ಲಿ ಇಮ್ರಾನನ ಹೆಬ್ಬೆಟ್ಟಿನ ಮಣ್ಣಿನ ಗುರುತು. ಹಳದಿ ತಲೆಯ ಎದುರು ಮಾತ್ರ ಗೀಟೂ ಇರಲಿಲ್ಲ, ಸೊನ್ನೆಯೂ ಇರಲಿಲ್ಲ. ‘ನೋಡ್ದ’ ಎಂದು ಬರೆದಿದ್ದ, ಅಷ್ಟೇ.

ಅಡಿಪಟ್ಟಿಯನ್ನು ಮೇಜಿನ ಖಾನೆಗೆ ಹಾಕಿದೆ. ಆ ಪುಟ ಈಗಲೂ ಹಾಗೆಯೇ ಇದೆ. ಆ ಪದವನ್ನು ಎಷ್ಟೆಂದು ಕೂಡಬೇಕೋ ತಿಳಿಯದೆ, ಕೆಳಗೆ ಮೊತ್ತದ ಜಾಗವನ್ನು ಖಾಲಿ ಬಿಟ್ಟಿದ್ದೇನೆ.