ಟಿಕೆಟ್ ಕೇಳಹೊರಟ ಮಾದಪ್ಪ

ಪಕ್ಷದ ಟಿಕೆಟ್ ಕೇಳುವವರಲ್ಲಿ ಮಾದಪ್ಪನಷ್ಟು ಹಳೆಗಾಲದವನು ತಮಿಳುನಾಡಿನ ಧರ್ಮಪುರಿ ಸೀಮೆಯಲ್ಲೇ ಇರಲಿಲ್ಲ. ಲವ್ ಮ್ಯಾರೇಜು ಕೂಡದು, ಸಾರಾಯಿ ಅಂಗಡಿ ಕೂಡದು, ಹೆಂಗಸರು ಪಂಚಾಯಿತಿಕಟ್ಟೆ ಹತ್ತಕೂಡದು ಎನ್ನುವವನು. ಟೀ ಅಂಗಡಿಯಲ್ಲಿ ನಮ್ಮ ಕನ್ನಡದವರು ಯಾರಾದರೂ ‘ಬನ್ನಿ’ ಎನ್ನದೆ ತಮಿಳಲ್ಲಿ ‘ವಾಂಗ’ ಎಂದರೆ, “ಲೇ, ಬಾಯಲ್ಲಿ ಕನ್ನಡ ಸತ್ತೋಯ್ತೇನ್ಲಾ? ಮನೆಮಾತು ಬುಟ್ಟೋನು ಮನ್ಸನೇ ಅಲ್ಲ!” ಎಂದು ಗದರುವನು. “ಕನ್ನಡದೋನಿಗೆ ಯಾರಣ್ಣ ಟಿಕೆಟ್ ಕೊಡ್ತಾರೆ?” ಎಂದು ಗೆಳೆಯ ವೇಣು ಕೆಣಕಿದರೆ, “ಕೊಡ್ದೆ ಎಲ್ಲೋಯ್ತಾರೆ?” ಎಂದು ಮೀಸೆ ತಿರುವುವನು. ಅರ್ಜಿ ಕೊಡಲು ಸೇಲಂಗೆ ಹೊರಟವನ ಬಸ್ಸು ತೊಪ್ಪೂರು ಘಾಟಿಯಲ್ಲಿ ಉರುಳಿತು; ಮಾದಪ್ಪ ಉಳಿಯಲಿಲ್ಲ. ಆಸ್ಪತ್ರೆಯವರು ಕೊಟ್ಟ ಅವನ ಚೀಲದಲ್ಲಿದ್ದ ಅರ್ಜಿಯನ್ನು ವೇಣು ಬಿಡಿಸಿ ನೋಡಿದ. ಎಲ್ಲವನ್ನೂ ತುಂಬಿದ್ದ ಆ ಜಗಮೊಂಡ, ಮಾತೃಭಾಷೆ ಎಂಬಲ್ಲಿ ಮಾತ್ರ ಏನೂ ಬರೆದಿರಲಿಲ್ಲ. ಅಲ್ಲಿ ಪೆನ್ನು ಊರಿ ಊರಿ ಕಾಗದ ತೂತಾಗಿತ್ತು.