ಹಿತ್ತಲಿಂದ ಪಾದಪೂಜೆಗೆ

ನಮ್ಮ ಮನೆಯವರು, ಅಂದರೆ ನನ್ನ ಗಂಡ, ಧೈರ್ಯವಂತರೇನೂ ಆಗಿರಲಿಲ್ಲ. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ನಡೆದದ್ದು ಅಷ್ಟೇ. ಮೊನ್ನೆ ಮರಿಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಊಟದ ಸಾಲಿನಲ್ಲಿ ಗೋದಿ ಹುಗ್ಗಿಯ ಘಮ ಮೂಗಿಗೆ ಬಡಿಯುತ್ತಿತ್ತು. ಆಗ ಬೀಗರ ಪೈಕಿ ಒಬ್ಬರು ಎದ್ದು ನಿಂತು, ಈ ಮನೆಯ ಹಿರಿಯರು ಆ ಕಾಲಕ್ಕೇ ಕ್ರಾಂತಿ ಮಾಡಿದವರು ಎಂದು ಭಾಷಣ ಬಿಗಿದರು. ನಗು ಬಂದು ಹುಗ್ಗಿ ನನ್ನ ನೆತ್ತಿಗೆ ಹತ್ತಿತು. ಆ ಕ್ರಾಂತಿಯ ಮನುಷ್ಯ ಬೆಕ್ಕು ಅಡ್ಡ ಬಂದರೆ ಶಿರಸಿ ಸಂತೆಗೆ ಹೊರಟ ಗಾಡಿಯನ್ನೇ ತಿರುಗಿಸಿಕೊಂಡು ಬರುತ್ತಿದ್ದರು.

ನಿಮಗಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ಉದ್ದ ಎಳೆಯಲು ಬಾರದು. ಆದರೂ ಅವರು ಮಕ್ಕಳ ಜಡೆ ಹೆಣೆಯುತ್ತಿದ್ದದ್ದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಬನವಾಸಿ ಕಡೆಯ ಒಂದು ಊರಿನಲ್ಲಿ ನಮ್ಮದು ಕಿರಾಣಿ ಅಂಗಡಿ. ಆಗ ನಮ್ಮ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ಎರಡು ಮೂರು ವರ್ಷವಾಗಿತ್ತು. ಇವರು ಕೊರಳಿನ ಲಿಂಗಕ್ಕೆ ಪೂಜೆ ಆಗದೆ ಗುಟುಕು ನೀರೂ ಮುಟ್ಟದವರು. ಮೂವರು ಹೆಣ್ಣುಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಹಣೆಗೆ ವಿಭೂತಿ ಹಚ್ಚಿ, ಪೂಜೆ ಮುಗಿದ ಮೇಲೆ ಅಂಗಡಿ ಕಟ್ಟೆಯ ಮೇಲೆಯೇ ಒಬ್ಬೊಬ್ಬಳ ಜಡೆ ಹೆಣೆಯುತ್ತಿದ್ದರು. ಗಂಡಸು ಜಡೆ ಹೆಣೆಯುವುದನ್ನು ನೀವು ಎಲ್ಲಿ ಕಂಡಿದ್ದೀರಿ? ಬೆಲ್ಲ ಕೊಳ್ಳಲು ಬಂದವರಿಗೆ ಅದೊಂದು ತಮಾಷೆ.

"ಏನ್ರೀ ಶೆಟ್ರ, ಸಕ್ರಿ ಚೀಲ ಹೊಲಿಯಾಕ ಕುಂತೀರೇನ್ರಿ?"

"ಹೂಂನ್ರಿ. ಬಿಗಿ ಕಟ್ಟಿದ್ರ ಸೋರೂದಿಲ್ಲ."

ಕಟ್ಟುವುದೂ ಹಾಗೆಯೇ. ಹುಡುಗಿಯರ ಹುಬ್ಬುಗಳು ಸಂಜೆಯವರೆಗೂ ಹಣೆಯ ಮೇಲೇ ಇರುತ್ತಿದ್ದವು.

ಮಕ್ಕಳ ಮೇಲೆ ಇಷ್ಟು ಜೀವ ಇಟ್ಟ ಮನುಷ್ಯ, ತಿಂಗಳಿಗೆ ಮೂರು ದಿನ ಹೆಂಡತಿ ಪೂಜೆಯ ಸಾಲಿನಲ್ಲಿ ಯಾಕಿಲ್ಲ ಎಂದು ಒಮ್ಮೆಯೂ ಕೇಳಲಿಲ್ಲ. ಆ ಮೂರು ದಿನ ನಾನು ಹಿತ್ತಲಿನ ಮಾಡಿನ ಕೆಳಗೆ. ಅತ್ತೆ ದೂರದಿಂದ ತಾಟು ನೂಕುತ್ತಿದ್ದರು. ಇವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಂಟು ವರ್ಷ ಹೀಗೇ ಹೋಯಿತು.

ತಮಾಷೆ ಏನೆಂದರೆ, ನಮ್ಮ ಮಠದ ಸ್ವಾಮಿಗಳು, ನಮ್ಮ ಕಡೆ ಅವರನ್ನು ಅಜ್ಜಾರು ಅನ್ನುತ್ತೇವೆ, ಶ್ರಾವಣ ಬಂತೆಂದರೆ ಪ್ರವಚನದಲ್ಲಿ ಹೇಳುತ್ತಿದ್ದದ್ದು ಇದನ್ನೇ: ಲಿಂಗ ಕಟ್ಟಿದವರಿಗೆ ಸೂತಕವಿಲ್ಲ, ಹೆಣ್ಣಿಗೂ ಇಲ್ಲ. ಗಂಡಸರೆಲ್ಲ ಹೌದೌದೆಂದು ತಲೆದೂಗುತ್ತಿದ್ದರು. ಮನೆಗೆ ಬಂದು ಹೆಂಡತಿಯನ್ನು ಹಿತ್ತಲಿಗೆ ಅಟ್ಟುತ್ತಿದ್ದರು. ಯಾರಿಗೂ ಅದು ತೊಡಕು ಅನ್ನಿಸಿರಲಿಲ್ಲ.

ಆ ವರ್ಷ ಸುಗ್ಗಿ ಮುಗಿದ ಮೇಲೆ ಅಜ್ಜಾರ ಪಾದಪೂಜೆಯ ಸರದಿ ನಮ್ಮ ಮನೆಗೆ ಬಂತು. ಮಾವನವರು ಕಾದು ಕಾದು ತೀರಿಹೋಗಿದ್ದರು. ತಪ್ಪಿದರೆ ಮತ್ತೆ ಯಾವ ಕಾಲಕ್ಕೋ. ಪಾದಪೂಜೆಗೆ ಗಂಡಹೆಂಡತಿ ಜೋಡಿಯಾಗಿ ಕೂರಬೇಕು. ನಾನು ಹಿಂದಿನ ದಿನವೆಲ್ಲ ಹುಗ್ಗಿಗೆ ಗೋದಿ ಕುಟ್ಟಿದೆ, ಹೊಸ ಸೀರೆ ಮಡಿಸಿಟ್ಟುಕೊಂಡೆ. ಬೆಳಗ್ಗೆ ಎದ್ದು ನೋಡಿದರೆ ನನ್ನ ದಿನ ಬಂದಿತ್ತು.

ಅತ್ತೆ ಹಣೆ ಹಣೆ ಬಡಿದುಕೊಂಡರು. "ಇವತ್ತ ಆಗಬೇಕಿತ್ತೇನ ನಿನಗ? ಹೋಗು, ಹಿತ್ತಲದಾಗ ಕುಂದ್ರು. ಕೆಮ್ಮಬ್ಯಾಡ ಸೈತ." ಮಗನಿಗೆ ಬೇರೆ ಪಾಠ: "ಕೇಳಿದ್ರ ಜ್ವರ ಬಂದೈತಿ ಅನ್ನು ತಮ್ಮಾ. ಇಲ್ಲಂದ್ರ ಅಜ್ಜಾರು ಉಣ್ಣಂಗಿಲ್ಲ, ಊರಾಗ ನಮ್ಮ ಮಾನ ಉಳಿಯಂಗಿಲ್ಲ."

ಇವರು "ಹೂಂ" ಅಂದರು. ಅಂದದ್ದು ನನ್ನ ಕಿವಿಯಾರೆ ಕೇಳಿದ್ದೇನೆ. ಕ್ರಾಂತಿಯವರಿಗೆ ಇದನ್ನೂ ಹೇಳಬೇಕು.

ಹಿತ್ತಲಿಗೂ ನಡುಮನೆಗೂ ನಡುವೆ ಒಂದು ತಟ್ಟಿ ಅಷ್ಟೇ. ಅಜ್ಜಾರು ಮಣೆಯ ಮೇಲೆ ಕೂತದ್ದು, ಊರ ಗೌಡರು ಕೆಮ್ಮಿದ್ದು ಎಲ್ಲ ಕೇಳುತ್ತಿತ್ತು. ಅಜ್ಜಾರು ಕೇಳಿದರು, "ಎಲ್ಲೆಪಾ, ನಿನ್ನ ಹೇಣ್ತಿ?"

"ಜ್ವರ..." ಅಂದರು ಇವರು. ನನಗೆ ಅವರ ಮುಖ ಕಾಣದಿದ್ದರೂ ಗೊತ್ತಾಯಿತು. ಕಡಿಮೆ ತೂಗಿಬಿಟ್ಟರೆ ಗಿರಾಕಿಯ ಹಿಂದೆ ಓಡಿಹೋಗಿ ಒಂದು ಹಿಡಿ ಬೇಳೆ ಹಾಕಿ ಬರುವ ಮುಖ ಅದು.

"ಜ್ವರ ಇಲ್ರಿ ಅಜ್ಜಾರ. ಹೊರಗಾಗ್ಯಾಳ್ರಿ. ಹಿತ್ತಲದಾಗ ಕುಂತಾಳ್ರಿ. ಜ್ವರ ಅನ್ನು ಅಂತ ಅವ್ವ ಹೇಳಿದ್ಳು, ನನಗ ಬರವಲ್ದು."

ಅತ್ತೆ "ಯಪ್ಪಾ ಶಿವನ" ಎಂದು ಅಡುಗೆಮನೆಯಲ್ಲೇ ಕುಸಿದರು. ಇವರು ನಿಲ್ಲಿಸಲಿಲ್ಲ. "ಶ್ರಾವಣದಾಗ ತಾವು ಹೇಳಿದ್ರಿ, ಲಿಂಗ ಕಟ್ಟಿದವ್ರಿಗೆ ಸೂತಕಿಲ್ಲ ಅಂತ. ಆಕಿ ಕೊಳ್ಳಾಗೂ ಲಿಂಗ ಐತ್ರಿ. ಹಂಗಾರ ಕರಕೊಂಡು ಬರ್ಲೋ, ಬ್ಯಾಡೋ? ತಾವು ಹೇಳಿದಂಗ ಮಾಡ್ತೀನ್ರಿ."

ಗೌಡರ ದನಿ: "ಏ ಶೆಟ್ಟಿ, ಅದು ಪ್ರವಚನದಾಗ ಕೇಳೂ ಮಾತೋ ಮಾರಾಯ, ಮಾಡೂದಲ್ಲ!"

ಅಜ್ಜಾರು ತಟ್ಟನೆ ಹೂಂ ಅಂದರು ಅಂತ ಜನ ಹೇಳುತ್ತಾರೆ. ಇಲ್ಲ. ಮೊದಲು ರುದ್ರಾಕ್ಷಿ ಮಣಿಗಳನ್ನು ಒಂದೊಂದಾಗಿ ಸರಿಸುವ ಸದ್ದು ಬಂತು. ಮಾತು ಆಡಿದವರಿಗೇ ಈಗ ಪರೀಕ್ಷೆ. ನಾನು ತಟ್ಟಿಗೆ ಕಿವಿ ಹಚ್ಚಿ ಕೂತಿದ್ದೆ. ಬೇಡ ಅಂದುಬಿಟ್ಟರೆ ಇಡೀ ಊರಿನೆದುರು ನಾನು ಮೈಲಿಗೆ, ನನ್ನ ಮೂವರು ಹೆಣ್ಣುಮಕ್ಕಳೂ ನಾಳೆ ಇದೇ ಮಾಡಿನ ಕೆಳಗೆ.

"ಕರಕೊಂಡು ಬಾ," ಅಂದರು ಅಜ್ಜಾರು.

ಇವರೇ ಬಂದರು. ಹಗಲು ಹೊತ್ತಿನಲ್ಲಿ ನಾಲ್ಕು ಜನರಿರುವಾಗ ನನ್ನ ಕೈ ಹಿಡಿದದ್ದು ಮದುವೆಯ ದಿನ ಬಿಟ್ಟರೆ ಅಂದೇ.

"ಏಳು, ಅಜ್ಜಾರು ಕರ್ದಾರ."

"ಅಲ್ರೀ, ಸೀರಿ ನೋಡ್ರಿ, ಹರದೈತಿ."

"ಸೀರಿ ಕರ್ದಿಲ್ಲ. ನಿನ್ನ ಕರ್ದಾರ."

ಹರಿದ ಸೀರೆಯಲ್ಲೇ ಹೋಗಿ ಕೂತೆ. ಪಾದ ತೊಳೆಯುವಾಗ ಅರ್ಧ ಚೊಂಬು ನೀರು ಅಜ್ಜಾರ ಕಾವಿಯ ಮೇಲೆ ಚೆಲ್ಲಿದೆ. ಅವರು ಕಾವಿ ಮೇಲೆತ್ತಿ ಇನ್ನೊಂದು ಪಾದ ಮುಂದಿಟ್ಟರು. ಪೂಜೆ ಮುಗಿಯಿತು. ಪಾದೋದಕದ ಬಟ್ಟಲನ್ನು ಇವರ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟು, "ಎಲ್ಲರಿಗೂ ನೀನ ಕೊಡವ್ವ, ಹುಗ್ಗೀನೂ ನೀನ ನೀಡು," ಅಂದರು. ಗೌಡರು ಶಲ್ಯ ಹೆಗಲಿಗೇರಿಸಿ ಎದ್ದು ನಿಂತಿದ್ದರು. ಅವರು ಹೋದರೆ ಅರ್ಧ ಊರು ಹೋಗುತ್ತಿತ್ತು.

ಅಜ್ಜಾರು ತಾಟು ಎಳೆದುಕೊಂಡು ಮೊದಲ ತುತ್ತು ಬಾಯಿಗಿಟ್ಟರು. "ಹೋಗ್ರಿ ಗೌಡ್ರ, ಹೋಗ್ರಿ. ನಿಮ್ಮ ಪಾಲಿಂದೂ ನಾನ ಉಣ್ತೀನಿ."

ಸಾಲಿಗೆ ಸಾಲೇ ನಕ್ಕಿತು. ಗೌಡರು ಕೂತರು, ಬಟ್ಟಲಿಗೆ ಕೈಯೊಡ್ಡಿದರು. ಮೂರು ಸಲ ಹುಗ್ಗಿ ಹಾಕಿಸಿಕೊಂಡರು, ಮೇಲೆ ತುಪ್ಪ ಕೇಳಿದರು. ನಾನು ತಲೆ ಎತ್ತಿಕೊಂಡು, ಸೆರಗು ಬಿಗಿದುಕೊಂಡು, ಊರಿಗೆ ಊರೇ ಉಂಡು ಕೈ ತೊಳೆಯುವವರೆಗೂ ನೀಡಿದೆ. ಅಂಥ ಸೊಕ್ಕು ನನಗೆ ಮತ್ತೆಂದೂ ಬರಲಿಲ್ಲ, ಬಂದದ್ದಕ್ಕೆ ನಾಚಿಕೆಯೂ ಇಲ್ಲ.

ಉಣ್ಣದೆ ಉಳಿದವರು ಒಬ್ಬರೇ. ಅತ್ತೆ. ಹೊಟ್ಟೆ ಸರಿಯಿಲ್ಲ ಅಂದರು.

ಮರುದಿನ, ಅಂದರೆ ನನ್ನ ಮೂರು ದಿನಗಳಲ್ಲಿ ಎರಡನೆಯ ದಿನ, ಬೆಳಗ್ಗೆ ನಾನು ಅತ್ತೆಗಿಂತ ಮೊದಲು ಎದ್ದೆ. ಮಿಂದು, ಇವರ ಪಕ್ಕದಲ್ಲಿ ಕೂತು ಪೂಜೆ ಮಾಡಿಕೊಂಡು, ಒಲೆ ಹೊತ್ತಿಸಿ ರೊಟ್ಟಿ ತಟ್ಟಿದೆ. ಅತ್ತೆ ಬಂದು ಬಾಗಿಲಲ್ಲಿ ನಿಂತರು. ಒಲೆ ನೋಡಿದರು, ನನ್ನನ್ನು ನೋಡಿದರು. ನಾನು ತಾಟು ನೂಕಲಿಲ್ಲ, ಎದ್ದು ಹೋಗಿ ಕೈಗೇ ಕೊಟ್ಟೆ. ನಿನ್ನೆಯಿಂದ ಹಸಿದ ಜೀವ. ನಿಂತಲ್ಲೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು.

"ಉಪ್ಪು ಕಮ್ಮಿ ಆಗೈತಿ," ಅಂದರು.

ನಾನು ಹಿಟ್ಟಿಗೆ ಇನ್ನೊಂದು ಚಿಟಿಕೆ ಉಪ್ಪು ಹಾಕಿ ನಾದಿ, ಅವರಿಗೆ ಎರಡನೇ ರೊಟ್ಟಿ ತಟ್ಟಿದೆ.